ಬೆಳ್ಯಪ್ಪನ ಎಡಪಕ್ಕೆ

ಬೆಳ್ಯಪ್ಪನನ್ನು ಕೊಂದದ್ದು ಜವರನಲ್ಲ. ಕೊಂದನೆಂದು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅದಕ್ಕೂ ಮೊದಲು ಇನ್ನೊಂದು ಸುಳ್ಳನ್ನು ಬೆಳ್ಯಪ್ಪನಿಗೇ ಹೇಳಿದ್ದೆ. ಮೊದಲನೆಯದು ಅವನ ಪ್ರಾಣ ತೆಗೆಯಿತು, ಎರಡನೆಯದು ಜವರನ ಬಾಳು ತೆಗೆಯಿತು. ಎರಡನ್ನೂ ನುಂಗಿಕೊಂಡ ನಾನು ಮಾತ್ರ ಕುಸ್ತಿ ಕಲಿಸುವ ವಸ್ತಾದಿ ಎನ್ನಿಸಿಕೊಂಡು, ಕಂಡಕಂಡವರಿಂದ ಕೈಮುಗಿಸಿಕೊಂಡು, ಮುದುಕನಾದೆ. ಈಗ ಸುಸ್ತಾಗಿದೆ. ವಯಸ್ಸಿನ ಸುಸ್ತು ಬೇರೆ, ಇದು ಬೇರೆ.

ನಾನು ಶನಿವಾರಸಂತೆ ಕಡೆಯವನು. ಹರೆಯದಲ್ಲಿ ಮೈಸೂರಿಗೆ ಹೋಗಿ ಅಲ್ಲಿಯ ಒಂದು ಗರಡಿಯಲ್ಲಿ ಕುಸ್ತಿ ಕಲಿತೆ. ಮೈಯಲ್ಲಿ ಕಸುವು ಇತ್ತು, ಪಟ್ಟುಗಳು ಬೇಗ ತಲೆಗೆ ಹೋಗುತ್ತಿದ್ದವು, ಆದರೆ ಪಂದ್ಯದ ದಿನ ಕೈಕಾಲು ತಣ್ಣಗಾಗುತ್ತಿತ್ತು. ಸೋತು ಬಂದಾಗಲೆಲ್ಲ ಅಲ್ಲಿಯವರು ನಗುತ್ತಿದ್ದರು — “ಕೊಡಗಿನ ಮಣ್ಣಲ್ಲಿ ಚಳಿಜ್ವರ ಬೆಳೀತದೆ, ಜಟ್ಟಿ ಬೆಳೆಯಾಕಿಲ್ಲ.” ಆ ಮಾತು ನನ್ನ ಒಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೆ ಇದು ಇಲ್ಲದಿದ್ದರೆ — ಇರಲಿ.

ಊರಿಗೆ ಮರಳಿ, ಮಾದಾಪುರದ ಮರದ ಡಿಪೋ ಒಂದರಲ್ಲಿ ಕೆಲಸಕ್ಕೆ ನಿಂತೆ. ಡಿಪೋದ ಹಿಂದೆ ಹುಲ್ಲು ಹೊದಿಸಿ ಸಣ್ಣ ಗರಡಿಯೊಂದನ್ನು ಕಟ್ಟಿದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದೆ. ಸುತ್ತಲಿನ ಎಸ್ಟೇಟುಗಳಿಂದ, ಹೊಲಗದ್ದೆಗಳಿಂದ ಹುಡುಗರು ಬರತೊಡಗಿದರು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ದಂಡ, ಬಸ್ಕಿ. ಆಮೇಲೆ ಗುಂಡುಕಲ್ಲು ಎತ್ತುವುದು, ಗದೆ ತಿರುಗಿಸುವುದು. ಕೊನೆಗೆ ಇಬ್ಬಿಬ್ಬರನ್ನು ಜೋಡಿ ಬಿಟ್ಟು ಕುಸ್ತಿ. ಬೀಳುವುದನ್ನು ಮೊದಲು ಕಲಿಸುತ್ತಿದ್ದೆ. ಬೀಳಲು ಹೆದರುವವನು ಎದುರಾಳಿಯನ್ನು ಗಟ್ಟಿಯಾಗಿ ಹಿಡಿಯಲಾರ ಎಂದು ಅವರಿಗೆ ಹೇಳುತ್ತಿದ್ದೆ. ನನಗೆ ಗೊತ್ತಿದ್ದ ಮಾತೇ ಅದು, ನನ್ನ ಮೈಯಿಂದಲೇ ಕಲಿತದ್ದು.

ಬೆಳ್ಯಪ್ಪ ಬಂದದ್ದು ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ. ಅರೆಭಾಷೆಯ ಗೌಡರ ಮನೆಯವನು. ತಂದೆ ಚಳಿಜ್ವರದಲ್ಲಿ ಹೋಗಿದ್ದರು; ತಾಯಿ ಚಿನ್ನಮ್ಮ ಎಸ್ಟೇಟಿನಲ್ಲಿ ಕಾಪಿ ಕುಯ್ಯುತ್ತಿದ್ದರು. ಇವನು ಡಿಪೋದಲ್ಲಿ ಮರ ಕೊಯ್ಯುವವನು. ಗುಂಡಿಯೊಳಗೆ ನಿಂತು, ಮೇಲೆ ದಿಮ್ಮಿಯ ಮೇಲೆ ನಿಂತವನ ಜೊತೆ ಉದ್ದ ಗರಗಸ ಎಳೆದು ಎಳೆದು ಅವನ ಹೆಗಲು, ಬೆನ್ನು, ಮುಂಗೈ ತಾವಾಗಿಯೇ ತಯಾರಾಗಿದ್ದವು. ತಲೆಗೂದಲಲ್ಲಿ ಯಾವಾಗಲೂ ಮರದ ಹೊಟ್ಟು. ಮಾತು ಕಡಿಮೆ, ನಗು ಜಾಸ್ತಿ. ಅವನ ಹಿಡಿತಕ್ಕೆ ಒಮ್ಮೆ ನನ್ನ ಮಣಿಕಟ್ಟು ಸಿಕ್ಕಿದ ದಿನವೇ ನನಗೆ ಅನ್ನಿಸಿತು: ಮೈಸೂರಿನವರಿಗೆ ಉತ್ತರ ಇವನು.

ನಾನು ಅವನನ್ನು ಕಟ್ಟಿದೆ. ಬೇರೆ ಪದ ಗೊತ್ತಿಲ್ಲ. ಕತ್ತು ಬಲಿಯಲು ತಲೆಯನ್ನು ಮಣ್ಣಿಗೆ ಊರಿ ಮೈ ಬಿಲ್ಲಿನಂತೆ ಬಾಗಿಸಿ ನಿಲ್ಲಿಸುತ್ತಿದ್ದೆ. ಉಸಿರು ಬೆಳೆಯಲು ಹೆಗಲ ಮೇಲೆ ಮರಳಿನ ಚೀಲ ಹೊರಿಸಿ ಏರು ಹತ್ತಿಸುತ್ತಿದ್ದೆ. ಚಿನ್ನಮ್ಮ ತಮ್ಮ ಪಾಲಿನ ತುಪ್ಪವನ್ನು ಅವನಿಗೆ ಬಡಿಸುತ್ತಿದ್ದರು. ಎರಡು ವರ್ಷದಲ್ಲಿ ಕೊಡಗಿನಲ್ಲಿ ಅವನನ್ನು ಕೆಡವುವವರು ಇಲ್ಲವಾದರು. ಆಗ ಸೋಮವಾರಪೇಟೆಯ ವರ್ತಕರು ಸೇರಿ ದೊಡ್ಡ ಪಂದ್ಯ ಇಡುವುದೆಂದೂ, ಪಿರಿಯಾಪಟ್ಟಣ ಕಡೆಯಿಂದ ಜವರ ಎಂಬ ಪೈಲ್ವಾನನನ್ನು ಕರೆಸುವುದೆಂದೂ ಸುದ್ದಿಯಾಯಿತು. ಪಂದ್ಯ ಕಾಪಿ ಕುಯ್ಲು ಮುಗಿದ ಮೇಲೆ. ನಮಗೆ ಇಡೀ ಮಳೆಗಾಲ ಇತ್ತು.

ಆ ಮಳೆಗಾಲದಲ್ಲಿ ಬೆಳ್ಯಪ್ಪನಿಗೆ ಜ್ವರ ಬಂತು. ಮಲಗಿದ, ಕೊಯಿನಾ ಗುಳಿಗೆ ನುಂಗಿದ, ಎದ್ದ. ಮತ್ತೆ ಬಂತು, ಮತ್ತೆ ಎದ್ದ. ಇಲ್ಲಿ ಅದು ಹೊಸತೇನೂ ಅಲ್ಲ. ಮಳೆ ಹಿಂದಾದ ಮೇಲೆ ಒಂದು ಬೆಳಗ್ಗೆ, ಕಸರತ್ತು ಮುಗಿಸಿ ಅವನನ್ನು ಚಾಪೆಯ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಿದ್ದೆ. ಎಡಗಡೆ, ಪಕ್ಕೆಲುಬಿನ ಕೆಳಗೆ, ನನ್ನ ಬೆರಳಿಗೆ ಏನೋ ತಡೆಯಿತು. ಒತ್ತಿದೆ. ಗಟ್ಟಿಯಾಗಿ, ಅಂಚು ಇರುವ ಹಾಗೆ — ಹಲಗೆಯ ತುದಿ ಚರ್ಮದ ಕೆಳಗೆ ಇದ್ದ ಹಾಗೆ. ಅವನು ಮುಖ ಹಿಂಡಿದ.

“ಅದು ಜ್ವರಗಡ್ಡೆ, ಗುರುಗಳೇ,” ಎಂದ. “ಲೈನಿನವ್ಕೆಲ್ಲ ಉಟ್ಟಲ್ಲ.”

ನಿಜ, ಚಳಿಜ್ವರ ಮತ್ತೆ ಮತ್ತೆ ಬಂದವರಿಗೆ ಗುಲ್ಮ ಊದಿ ಹಾಗಾಗುತ್ತದೆ; ಎಸ್ಟೇಟಿನ ಲೈನುಗಳಲ್ಲಿ, ಆ ಕೂಲಿಯವರ ಸಾಲುಮನೆಗಳಲ್ಲಿ, ಅರ್ಧ ಜನರ ಹೊಟ್ಟೆಯಲ್ಲಿ ಅದು ಇತ್ತು. ಆದರೆ ನಾನು ಇನ್ನೊಂದನ್ನೂ ಕಂಡಿದ್ದೆ. ಡಿಪೋದಲ್ಲಿ ಒಬ್ಬ ತಮಿಳು ಕೂಲಿಯಾಳು, ಹೀಗೆಯೇ ಗಡ್ಡೆ ಇದ್ದವನು. ಉರುಳಿದ ದಿಮ್ಮಿಯ ತುದಿ ಅವನ ಎಡಪಕ್ಕೆಗೆ ತಾಗಿತು. ದೊಡ್ಡ ಪೆಟ್ಟಲ್ಲ, ಎದ್ದು ನಿಂತು ನಕ್ಕ ಕೂಡ. ಹೊರಗೆ ಒಂದು ಹನಿ ರಕ್ತವಿಲ್ಲ. ಊಟದ ಹೊತ್ತಿಗೆ ಬಿಳಿಚಿಕೊಂಡು, ಬೆವರಿ, ಸತ್ತೇಹೋದ. ಗಡ್ಡೆ ಒಳಗೇ ಒಡೆದಿತ್ತು ಎಂದು ಆಸ್ಪತ್ರೆಯಿಂದ ಬಂದ ಡ್ರೆಸ್ಸರ್ ಹೇಳಿದ್ದರು. ನಾನು ಅಲ್ಲೇ ಇದ್ದೆ. ಕೇಳಿಸಿಕೊಂಡಿದ್ದೆ.

ಬೆಳ್ಯಪ್ಪ ಚಾಪೆಯ ಮೇಲೆ ಎದ್ದು ಕೂತ. ನನ್ನ ಮುಖದಲ್ಲಿ ಏನು ಕಂಡನೋ. “ಗುರುಗಳೇ, ನಾನು ಕುಸ್ತಿಗೆ ಇಳಿಬೋದಾ?” ಎಂದು ಕೇಳಿದ.

ನೇರವಾಗಿ ಕೇಳಿದ. ಬೇಡವೆಂದರೆ ಒಂದು ಮಾತೂ ಆಡದೆ ಬಿಡುವವನು. ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಈ ವರ್ಷ ಬೇಡ, ಗಡ್ಡೆ ಇಳಿಯಲಿ, ಮುಂದಿನ ವರ್ಷ ನೋಡೋಣ ಎಂದಿದ್ದರೂ ಸಾಕಿತ್ತು. ಆದರೆ ಅಷ್ಟರಲ್ಲಿ ಊರೆಲ್ಲ ಡಂಗುರ ಹೊಡೆದಾಗಿತ್ತು. ನನ್ನ ಕಣ್ಣೆದುರು ಮೈಸೂರಿನ ಆ ನಗುವ ಮುಖಗಳು —

“ಏನೂ ಆಗಲ್ಲ ಕಣ್ಲಾ. ಇಳಿ,” ಎಂದೆ.

ಅವನು ನಂಬಿದ. ಅಷ್ಟೇ.

ಆದರೆ ನಾನು ನಂಬಿರಲಿಲ್ಲ. ಅದಕ್ಕೆ ಸಾಕ್ಷಿ ನಾನು ಅಂದಿನಿಂದ ಅವನಿಗೆ ಕಲಿಸಿದ ಕುಸ್ತಿಯೇ. ಬೇರೆ ಹುಡುಗರ ಜೊತೆ ಅವನನ್ನು ಜೋಡಿ ಬಿಡುವುದು ನಿಲ್ಲಿಸಿದೆ. ಅವನನ್ನು ನಾನೊಬ್ಬನೇ ಹಿಡಿಯುತ್ತಿದ್ದೆ, ಎಚ್ಚರದಿಂದ. ಬಲಗಾಲು ಮುಂದಿಟ್ಟು, ಬಲಹೆಗಲು ಎದುರಾಳಿಗೆ ಕೊಟ್ಟು ನಿಲ್ಲುವುದು. ಎಡಮೊಣಕೈ ಪಕ್ಕೆಗೆ ಅಂಟಿಯೇ ಇರಬೇಕು — ಏನೇ ಆಗಲಿ ಬಿಡಬಾರದು. ಕೆಳಗೆ ಬಿದ್ದರೆ ಎಡಮಗ್ಗುಲನ್ನು ಮಣ್ಣಿಗೆ ಒತ್ತಿ ಮಲಗುವುದು. ಕೈ ಸ್ವಲ್ಪ ಸಡಿಲಿಸಿದರೂ ಗದರುತ್ತಿದ್ದೆ. ಇದು ಹೊಸ ವರಸೆ, ಮೈಸೂರಿನವರಿಗೆ ಗೊತ್ತಿಲ್ಲದ ವರಸೆ ಎಂದು ಅವನಿಗೂ ಹೇಳಿದೆ, ಉಳಿದ ಹುಡುಗರಿಗೂ ಹೇಳಿದೆ. ಅವರು ನನ್ನ ಬುದ್ಧಿವಂತಿಕೆಗೆ ಬೆರಗಾದರು. ಬೆಳ್ಯಪ್ಪ ಮಾತ್ರ ಒಂದು ದಿನ ನಗುತ್ತ, “ಈ ಕೈ ಕಟ್ಟಿಹಾಕಿ ಅರ್ಧ ಮನುಷ್ಯನ ಕುಸ್ತಿ ಆತಲ್ಲ,” ಎಂದ. ನಾನು ಕೇಳಿಸದವನ ಹಾಗೆ ಗದೆ ಎತ್ತಿಕೊಂಡೆ.

ಪಂದ್ಯದ ದಿನ ಸೋಮವಾರಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಬಳಿಯ ಸರ್ಕಾರಿ ಅಧಿಕಾರಿ ಪಾರುಪತ್ಯಗಾರರು ಕುರ್ಚಿ ಹಾಕಿಸಿಕೊಂಡು ಅಖಾಡದ ಪಕ್ಕ ಕೂತಿದ್ದರು. ಚಿನ್ನಮ್ಮ ಬಂದಿರಲಿಲ್ಲ, ಮಗ ಬೀಳುವುದನ್ನು ನೋಡಲಾರೆ, ಗೆದ್ದರೆ ಹೇಳಿ ಕಳಿಸಿ ಎಂದಿದ್ದರು. ಜವರ ನಮ್ಮವನಿಗಿಂತ ಎತ್ತರದ, ಕಪ್ಪಗಿನ, ಮೆದುಮಾತಿನ ಆಳು. ಇಳಿಯುವ ಮುಂಚೆ ನನ್ನ ಬಳಿ ಬಂದು ನೆಲ ಮುಟ್ಟಿ ನಮಸ್ಕರಿಸಿದ. ಎದುರಾಳಿಯ ಗುರುವಿಗೂ ನಮಸ್ಕರಿಸುವ ಪದ್ಧತಿ ಅವನದು.

ಮೊದಮೊದಲು ಬೆಳ್ಯಪ್ಪನದೇ ಮೇಲುಗೈ. ಅವನ ಬಲಗೈ ಹಿಡಿತಕ್ಕೆ ಜವರ ಎರಡು ಬಾರಿ ಮಂಡಿಯೂರಿದ. ಜನ ಕೂಗಿದರು. ನಾನೂ ಕೂಗಿದೆ. ಆಮೇಲೆ ಜವರ ಹಿಂದೆ ಸರಿದು, ಸುತ್ತು ಹಾಕುತ್ತ, ನೋಡತೊಡಗಿದ. ಒಳ್ಳೆಯ ಕುಸ್ತಿಪಟು ನೋಡುವ ರೀತಿ ಅದು, ನನಗೆ ಗೊತ್ತು. ಈ ಮನುಷ್ಯ ಎಡಮೊಣಕೈ ಬಿಡುತ್ತಿಲ್ಲ. ಯಾಕೆ ಬಿಡುತ್ತಿಲ್ಲ? ಅವನ ಕಣ್ಣು ಆ ಕೈಯ ಮೇಲೆ ನಿಂತದ್ದನ್ನು ಕಂಡೆ. ಬೇಲಿ ಹಾಕಿದ ಕಡೆಯೇ ಬೆಳೆ ಇರುವುದು ಎಂದು ಯಾರಿಗೆ ಗೊತ್ತಾಗುವುದಿಲ್ಲ? ಆ ಬೇಲಿ ಹಾಕಿದವನು ನಾನು. ಆಗಲಾದರೂ ಅಖಾಡಕ್ಕೆ ನುಗ್ಗಿ, ನಿಲ್ಲಿಸಿ ಎನ್ನಬಹುದಿತ್ತು. ಗುರುವಿಗೆ ಆ ಹಕ್ಕಿತ್ತು. ನಾನು ಏಳಲಿಲ್ಲ.

ಜವರ ಎಡಗಡೆಯಿಂದ ನುಗ್ಗಿ ಕೆಡವಿದ. ಬೆಳ್ಯಪ್ಪ ಬೋರಲು ಬಿದ್ದ. ಅವನನ್ನು ಮಗುಚಲು ಜವರ ಬೆನ್ನೇರಿ, ಪಕ್ಕೆಗೆ ಮೊಣಕಾಲು ಕೊಟ್ಟು, ಕೈ ಎಳೆದ. ಎಲ್ಲ ಗರಡಿಯಲ್ಲೂ ಕಲಿಸುವ ಪಟ್ಟು, ನಾನೂ ಕಲಿಸುವ ಪಟ್ಟು. ಬೆಳ್ಯಪ್ಪ “ಅವ್ವಾ” ಎಂದದ್ದು ಆ ಗದ್ದಲದಲ್ಲಿ ನನಗೆ ಕೇಳಿಸಿತು. ಅವನ ಮೈ ಸಡಿಲವಾಯಿತು, ಬೆನ್ನು ಮಣ್ಣಿಗೆ ತಾಗಿತು. ಚಿತ್. ಜವರ ತಕ್ಷಣ ಎದ್ದು ದೂರ ನಿಂತ. ತಕ್ಷಣ. ಇದನ್ನು ನಾನು ಕಣ್ಣಾರೆ ಕಂಡೆ.

ಬೆಳ್ಯಪ್ಪ ತಾನಾಗಿಯೇ ಎದ್ದು ನನ್ನ ಬಳಿ ನಡೆದುಬಂದ. ಕೂತು ನೀರು ಕೇಳಿದ. “ಎಡಹೆಗಲು ನೋಯ್ತುಟ್ಟು, ಗುರುಗಳೇ,” ಎಂದ. ಹೆಗಲಿಗೆ ಏನೂ ಆಗಿರಲಿಲ್ಲ, ಆಗಿದ್ದುದು ಒಳಗೆ. ತುಟಿ ಬಿಳಿಚಿತು. ಹಣೆಯಲ್ಲಿ ತಣ್ಣನೆಯ ಬೆವರು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದವನು, ಆಸ್ಪತ್ರೆಗೆ ಒಯ್ಯಲು ಗಾಡಿ ಕಟ್ಟುವಷ್ಟರಲ್ಲಿ ಹೋಗಿದ್ದ — ಕಣ್ಣು ತೆರೆದೇ ಇತ್ತು.

ಪಾರುಪತ್ಯಗಾರರು ಎದ್ದು ಬಂದರು. ಅವರು ನನ್ನನ್ನು ಕೇಳಿದರು: “ಈತನಿಗೆ ಮೊದಲೇ ಏನಾದರೂ ಕಾಯಿಲೆ ಇತ್ತೇ?”

“ಇಲ್ಲ ಸ್ವಾಮಿ. ಕಲ್ಲಿನ ಹಾಗಿದ್ದ.”

“ಮತ್ತೆ ಹೇಗಾಯಿತು?”

ಎಲ್ಲರ ಕಣ್ಣೂ ನನ್ನ ಮೇಲೆ. ಒಂದು ಗಳಿಗೆ — ಇತ್ತು ಸ್ವಾಮಿ, ಗೊತ್ತಿದ್ದೂ ಇಳಿಸಿದೆ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಬಾಯಿಂದ ಬಂದದ್ದು ಬೇರೆ.

“ಚಿತ್ ಆದ ಮೇಲೂ ಅವನು ಮೊಣಕಾಲು ಊರಿದ ಸ್ವಾಮಿ. ನಾನು ನೋಡಿದೆ.”

ಜವರ ಅಲ್ಲೇ ನಿಂತಿದ್ದ. ಇಲ್ಲ ಎಂದು ಅರಚಲಿಲ್ಲ. ನನ್ನನ್ನೇ ನೋಡುತ್ತ, “ಊರಿದ್ನಾ?” ಎಂದು ಕೇಳಿದ. ನನ್ನನ್ನು ಕೇಳಿದ್ದಲ್ಲ, ತನ್ನನ್ನೇ. ಅವನಿಗೆ ನೆನಪಿರಲಿಲ್ಲ. ಪಂದ್ಯದ ಬಿಸಿಯಲ್ಲಿ ಯಾರಿಗೆ ನೆನಪಿರುತ್ತದೆ? ಆ ಖಾಲಿ ಜಾಗದಲ್ಲಿ ನನ್ನ ಸುಳ್ಳು ಹೋಗಿ ಕೂತಿತು.

ಕೇಸು ಆಗಲಿಲ್ಲ. ಆಟದಲ್ಲಿ ಆದದ್ದು ಎಂದು ಬಿಟ್ಟರು. ಆದರೆ ಜನ ಬಿಡಲಿಲ್ಲ. ಅವನ ಹೆಸರೇ ಅವನಿಗೆ ಶಾಪವಾಯಿತು — ಜವರಾಯನೆಂದರೆ ಯಮನಲ್ಲವೇ. ಹೋದಲ್ಲೆಲ್ಲ “ಜವರಾಯ ಬಂದ, ಹೆಣ ಕೇಳ್ತಾನೆ” ಎಂದರು. ಅವನ ಸೀಮೆಯಲ್ಲೂ ಯಾವ ಗರಡಿಯವರೂ ಅವನನ್ನು ಕರೆಯಲಿಲ್ಲವಂತೆ. ನನ್ನ ಗರಡಿಗೆ ಮಾತ್ರ ಹುಡುಗರು ಹೆಚ್ಚಾದರು. ಶಿಷ್ಯನನ್ನು ಮೋಸದ ಕುಸ್ತಿಯಲ್ಲಿ ಕಳೆದುಕೊಂಡ ಗುರು ಎಂಬ ಗೌರವ. ಚಿನ್ನಮ್ಮ ನನ್ನನ್ನು ಮನೆಯವನ ಹಾಗೆ ನಡೆಸಿಕೊಂಡರು. ಹಬ್ಬ ಬಂದರೆ ಕರೆಯುತ್ತಿದ್ದರು. ಬೆಳ್ಯಪ್ಪನಿಗೆ ಎಡೆ ಇಡುವ ದಿನ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಜವರನ ಹೆಸರು ಹಿಡಿದು, ಅವನ ವಂಶ ಹಾಳಾಗಲಿ ಎಂದು ಶಪಿಸುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿರುತ್ತಿದ್ದೆ. ವರ್ಷವರ್ಷವೂ.

ಬಹಳ ವರ್ಷಗಳ ಮೇಲೆ ಸುಂಟಿಕೊಪ್ಪದಲ್ಲಿ ಜವರ ಸಿಕ್ಕಿದ. ಎಸ್ಟೇಟಿಗೆ ಗೊಬ್ಬರದ ಗಾಡಿ ಹೊಡೆದುಕೊಂಡು ಬಂದಿದ್ದ. ಹೆಗಲು ಇಳಿದುಹೋಗಿತ್ತು. ನಾನು ಗುರುತಿಸಲಿಲ್ಲ, ಅವನೇ ಗುರುತಿಸಿ, ಗಾಡಿಯಿಂದ ಇಳಿದು, ನೆಲ ಮುಟ್ಟಿ ನಮಸ್ಕರಿಸಿದ.

“ವಸ್ತಾದ್ರೇ, ಆವತ್ತು ಅವ್ನು ಎಡಗೈ ಬುಡ್ತಿರ್ಲಿಲ್ಲ,” ಎಂದ, ನಿನ್ನೆ ನಡೆದದ್ದನ್ನು ಹೇಳುವವನ ಹಾಗೆ. “ಅಲ್ಲೇನೋ ಅದೆ ಅಂತ ನಾನು ಅಲ್ಲೇ ನುಗ್ಗಿದೆ. ಅದೇ ತಪ್ಪಾಯ್ತು. ಚಿತ್ ಆದ್ಮೇಕೆ ಊರಿದ್ದು ನಂಗೆ ಗ್ಯಾನ ಇಲ್ಲ... ನೀವು ನೋಡಿದ್ರಲ್ಲ. ನೀವು ಸುಳ್ಳು ಯೇಳ್ತೀರಾ?” ಆಮೇಲೆ, ಆ ತಾಯಿಯ ಮನೆ ಎಲ್ಲಿ, ಒಂದು ಸಲ ಕಾಲಿಗೆ ಬಿದ್ದು ಬರುತ್ತೇನೆ ಎಂದು ಕೇಳಿದ.

ಅಲ್ಲಿಯೂ ನಾನು ಹೇಳಬಹುದಿತ್ತು. ರಸ್ತೆಯಲ್ಲಿ ಹೆಚ್ಚು ಜನವೂ ಇರಲಿಲ್ಲ. “ಬೇಡಪ್ಪ, ಹೋಗಬೇಡ. ಆಯಮ್ಮನಿಗೆ ಮತ್ತೆ ನೋವಾಗುತ್ತೆ,” ಎಂದೆ. ದಯೆ ತೋರಿಸುವವನ ದನಿಯಲ್ಲಿ ಎಂದೆ. ಅವನು ತಲೆಯಾಡಿಸಿ ಗಾಡಿ ಹತ್ತಿದ. ನಾನು ಮಾಡಿದ್ದರಲ್ಲಿ ಅತ್ಯಂತ ಹೀನವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಆ ದನಿಯನ್ನು ಹೇಳುತ್ತೇನೆ.

ಹೋದ ವರ್ಷ ಚಿನ್ನಮ್ಮ ಹೇಳಿ ಕಳಿಸಿ ನನ್ನನ್ನು ಕರೆಸಿಕೊಂಡರು. ಕಣ್ಣು ಮಂಜಾಗಿತ್ತು, ಕಾಲು ಮಾತ್ರ ಗಟ್ಟಿ. ಜಗುಲಿಯಲ್ಲಿ ಕೂರಿಸಿ ಕಾಪಿ ಕೊಟ್ಟು ಹೇಳಿದರು: “ವಸ್ತಾದಿಯವ್ರೇ, ನಾನು ಹೋದ ಮೇಲೆ ಬೆಳ್ಯಪ್ಪಂಗೆ ಎಡೆ ಇಡಿಕೆ ಯಾರೂ ಇಲ್ಲೆ. ನೀವು ಇಡೊಕು. ಅವ್ಂಗೆ ನೀವು ಅಪ್ಪನಾಂಗೆ ಇದ್ದರಿ.”

ಕಾಪಿ ಲೋಟ ಕೆಳಗಿಟ್ಟೆ. ಇಷ್ಟು ವರ್ಷ ಎಲ್ಲವನ್ನೂ ತಡೆದುಕೊಂಡವನಿಗೆ ಅದೊಂದನ್ನು ತಡೆಯಲು ಆಗಲಿಲ್ಲ. ಧೈರ್ಯ ಬಂತೆಂದಲ್ಲ — ಹೊತ್ತು ಹೊತ್ತು ಕೈ ಸೋತುಹೋಯಿತು, ಅಷ್ಟೆ. “ಚಿನ್ನಮ್ಮಕ್ಕ, ನನ್ನ ಕೈಯ ಅನ್ನ ಅವನು ಮುಟ್ಟಬಾರದು,” ಎಂದೆ. ಗಡ್ಡೆ ನನ್ನ ಬೆರಳಿಗೆ ಸಿಕ್ಕಿದ್ದು, ಅವನು ಕೇಳಿದ್ದು, ನಾನು ಹೇಳಿದ್ದು, ಅಖಾಡದಲ್ಲಿ ಆದದ್ದು, ಸುಂಟಿಕೊಪ್ಪದಲ್ಲಿ ಆದದ್ದು, ಎಲ್ಲ ಹೇಳಿದೆ.

ಅವರು ಅಳಲಿಲ್ಲ. ಬೈಯಲೂ ಇಲ್ಲ. ನನ್ನ ಕಾಪಿ ಲೋಟ ಎತ್ತಿ ಒಳಗಿಟ್ಟು ಬಂದರು. ಆಮೇಲೆ ಕೇಳಿದ್ದು ಒಂದೇ: “ಅವ್ನ ಊರು ಎಲ್ಲಿ ಉಟ್ಟು?”

ಹೇಳಿದೆ.

“ನಂಗೆ ಅಲ್ಲಿಗೆ ಹೋಕು. ಕರ್ಕೊಂಡ್ ಹೋಗಿ. ಏನೂ ಮಾಡದ ಮಗಂಗೆ ಇಷ್ಟು ವರ್ಷ ಶಾಪ ಹಾಕ್ದೆನಲ್ಲ.” ಏಳುತ್ತ ಹೇಳಿದರು, “ನಿಮ್ಮ ಮಾತು ಆಮೇಲೆ.”

ಬಸ್ಸಿನಲ್ಲಿ ಕೊಡಗಿನ ಗಡಿಯ ಫ್ರೇಜರ್‌ಪೇಟೆಗೆ ಹೋಗಿ, ಹೊಳೆ ದಾಟಿ, ಪಿರಿಯಾಪಟ್ಟಣದಿಂದ ಗಾಡಿಯಲ್ಲಿ ಜವರನ ಹಳ್ಳಿಗೆ ಹೋದೆವು. ದಾರಿಯಲ್ಲಿ ಅವರ ಬಟ್ಟೆಯ ಗಂಟನ್ನು ಹಿಡಿದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

ಜವರ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಚಿನ್ನಮ್ಮ ಯಾರೆಂದು ನಾನು ಹೇಳಿದೊಡನೆ ಅವನು ಅವರ ಕಾಲಿಗೆ ಬೀಳಲು ಬಾಗಿದ. ಅವರು ಅವನ ಎರಡೂ ತೋಳು ಹಿಡಿದು ತಡೆದರು. “ನೀನಲ್ಲ ಮಗ, ನೀನಲ್ಲ,” ಎಂದರು. ಅವನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ನಾನು ಹೇಳಿದೆ. ನಿಂತುಕೊಂಡೇ ಹೇಳಿದೆ.

ಕೇಳಿ ಮುಗಿದ ಮೇಲೂ ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ, ಒಂದು ಏಟು ಹೊಡೆದಿದ್ದರೆ — ಇಲ್ಲ, ಅದನ್ನು ಬಯಸುವುದೂ ನನ್ನ ಸ್ವಾರ್ಥವೇ. ಅವನು ನಿಧಾನವಾಗಿ ಕೇಳಿದ:

“ಅಂಗಾರೆ ಚಿತ್ ಆದ್ಮೇಕೆ ನಾನು ಊರ್ಲಿಲ್ವಾ?”

“ಇಲ್ಲ. ತಕ್ಷಣ ಎದ್ದೆ. ನೀನು ಆಡಿದ್ದು ಸರಿಯಾದ ಕುಸ್ತಿ.”

“ವಸಿ ಇರಿ,” ಎಂದು ಒಳಗೆ ಹೋದ. ಬೆಳೆದ ಮಕ್ಕಳನ್ನು, ಸೊಸೆಯರನ್ನು ಕರೆದುಕೊಂಡು ಬಂದ. ಒಬ್ಬ ಮಗನನ್ನು ಓಡಿಸಿ ಹಳ್ಳಿಯ ಹಿರಿಯರನ್ನು ಕರೆಸಿದ. ಎಲ್ಲರೂ ಬಂದು ನಿಂತ ಮೇಲೆ ನನ್ನ ಎದುರು ಬಂದು ಹೇಳಿದ:

“ಇನ್ನೊಂದ್ಸಲ ಯೇಳಿ. ಇವರ್ಗೆಲ್ಲ ಕೇಳೋ ಅಂಗೆ ಯೇಳಿ.”

ಹೇಳಿದೆ. ಈ ಸಲ ದನಿ ಎತ್ತಿ ಹೇಳಿದೆ. ಹಿರಿಯರಲ್ಲೊಬ್ಬರು ತಲೆ ಅಲ್ಲಾಡಿಸಿ ಹೊರಟುಹೋದರು. ಜವರನ ಹಿರಿಯ ಮಗ, ಅಪ್ಪನದೇ ಎತ್ತರದವನು, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಜವರ ಹೊಸೆಯುತ್ತಿದ್ದ ಹಗ್ಗದ ಪಕ್ಕ ಹೋಗಿ ಕೂತ. ಕೂತವನು ತನ್ನ ಮೊಣಕಾಲನ್ನೇ ನೋಡುತ್ತಿದ್ದ. ಅದನ್ನು ಇಷ್ಟು ವರ್ಷ ಏನೆಂದು ನೋಡಿದ್ದನೋ.

ಚಿನ್ನಮ್ಮನವರನ್ನು ಒಳಗೆ ಕರೆದು ಊಟ ಹಾಕಿದರು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ. ಹೊರಡುವಾಗ ಜವರ ಗಾಡಿಯವರೆಗೆ ಬಂದು ಅವರನ್ನು ಹತ್ತಿಸಿದ. ನನಗೆ ನಮಸ್ಕರಿಸಲಿಲ್ಲ. “ಸೋಮವಾರಪೇಟೇಲಿ ಯೇಳಿದ್ರಾ?” ಎಂದು ಕೇಳಿದ.

“ಇನ್ನೂ ಇಲ್ಲ.”

ಅವನು ಒಳಗೆ ಹೋದ.

ಚಿನ್ನಮ್ಮ ಮಾದಾಪುರದಲ್ಲಿ ಬಸ್ಸಿನಿಂದ ಇಳಿದು ತಿರುಗಿ ನೋಡದೆ ನಡೆದರು. ‘ನಿಮ್ಮ ಮಾತು ಆಮೇಲೆ’ ಎಂದಿದ್ದರಲ್ಲ, ಆ ‘ಆಮೇಲೆ’ ಇನ್ನೂ ಬಂದಿಲ್ಲ. ನಾನು ಗರಡಿಯ ಬಾಗಿಲು ಹಾಕಿದೆ. ಹುಡುಗರಿಗೆ ಕಾರಣ ಹೇಳಿದೆ; ಕೆಲವರು ಕೇಳಿ ಎದ್ದು ಮನೆಗೆ ಹೋದರು, ಕೆಲವರು ವಸ್ತಾದಿಗೆ ವಯಸ್ಸಾಯಿತು, ಏನೇನೋ ಆಡುತ್ತಾರೆ ಎಂದರು.

ಸೋಮವಾರಪೇಟೆಯಲ್ಲಿ ಅಂದು ಅಖಾಡ ಇದ್ದ ಜಾಗದಲ್ಲಿ ಈಗ ಸೋಮವಾರದ ದನದ ಸಂತೆ ಕೂಡುತ್ತದೆ. ಆ ಪಾರುಪತ್ಯಗಾರರು ಇಲ್ಲ. ಅಂದು ನೋಡಿದವರಲ್ಲಿ ಹೆಚ್ಚಿನವರೂ ಇಲ್ಲ. ಆದರೆ ಜವರಾಯನ ಕತೆ ಅಲ್ಲಿ ಇನ್ನೂ ಇದೆ. ನಿನ್ನೆಮೊನ್ನೆ ಹುಟ್ಟಿದವರೂ ಅದನ್ನು ಹೇಳುವುದನ್ನು ಕೇಳಿದ್ದೇನೆ. ಹೇಗೆ ನಿಲ್ಲಬೇಕು, ಯಾರನ್ನು ಕರೆಯಬೇಕು, ಎಲ್ಲಿಂದ ಶುರು ಮಾಡಬೇಕು — ತಿಳಿಯದು. ಬೇಸಾಯಗಾರರು ಎತ್ತಿನ ಹಲ್ಲು ನೋಡುತ್ತಿರುತ್ತಾರೆ, ಈ ಮುದುಕ ಏನು ಕೂಗುತ್ತಾನೆ ಎನ್ನುತ್ತಾರೆ.

ಬರುವ ಸೋಮವಾರ ಹೋಗುತ್ತೇನೆ. ಯಾರೂ ನಿಂತು ಕೇಳದಿದ್ದರೂ ಪೂರ್ತಿ ಹೇಳಿ ಮುಗಿಸಿಯೇ ಬರಬೇಕು.